ಬ್ಯಾಟರಿ ಬಿಚ್ಚಿದ ಮೇಲೂ ಉರಿದ ದೀಪ

ಇದನ್ನು ಓದಿ ನಗುವವರು ನಗಲಿ, ನನಗೇನೂ ಬೇಸರವಿಲ್ಲ. ಹದಿನೆಂಟು ವರ್ಷದಿಂದ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡುವ ಹೆಂಗಸು ನಾನು. ಜನ ನಗುವುದನ್ನು ಅಷ್ಟೂ ವರ್ಷ ನೋಡಿದ್ದೇನೆ. ದೆವ್ವ, ಗಾಳಿ, ಮಾಟ ಯಾವುದನ್ನೂ ನಂಬಿದವಳಲ್ಲ. ಈಗಲೂ ನಂಬುವುದಿಲ್ಲ. ಆದರೆ ಆ ರಾತ್ರಿ ಬ್ಯಾಟರಿಯಿಂದ ಬಿಚ್ಚಿದ ವೈರು ನನ್ನ ಕೈಯಲ್ಲಿತ್ತು... ಕಣ್ಣೆದುರಿಗೆ ದೀಪ ಉರಿಯುತ್ತಿತ್ತು. ಯಾರು ಎಷ್ಟು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ.

ನನ್ನ ಹೆಸರು ಸ್ಟೆಲ್ಲಾ. ವಿದ್ಯಾರಣ್ಯಪುರಂನಲ್ಲಿ ಒಂದು ಅಡ್ಡರಸ್ತೆಯ ಕೊನೆಗೆ ನಮ್ಮ ಗ್ಯಾರೇಜು. ಅದನ್ನು ಕಟ್ಟಿದವರು ನಮ್ಮಪ್ಪ ಅಂತೋಣಪ್ಪ. ಸುತ್ತಮುತ್ತಲಿನವರಿಗೆಲ್ಲ ಅಂತೋಣಿ ಮೇಸ್ತ್ರಿ. ಭಾನುವಾರ ಪೂಜೆಗೆ ಹೋದರೂ ಚರ್ಚಿನ ಗೇಟಿನಲ್ಲಿ ನಿಂತು, ಹೋಗಿಬರುವ ಗಾಡಿಗಳ ಸದ್ದಿಗೆ ಕಿವಿ ಕೊಟ್ಟು, "ಇದರ ಪಂಪು ಇನ್ನೊಂದು ತಿಂಗಳು" ಎನ್ನುತ್ತಿದ್ದರು. ಹೋದ ವರ್ಷ ಎದೆನೋವು ಬಂದು ಒಂದೇ ಗಂಟೆಯಲ್ಲಿ ಹೋಗಿಬಿಟ್ಟರು.

ಅದಾಗಿ ಎಂಟು ತಿಂಗಳಿಗೆ ಒಂದು ಸಂಜೆ ಶ್ರೀಕಂಠಣ್ಣ ತನ್ನ ಹಳೆಯ ಡೀಸೆಲ್ ವ್ಯಾನನ್ನು ತಂದು ಷೆಡ್ಡಿನಲ್ಲಿ ನಿಲ್ಲಿಸಿದ. ಕಿವಿ ಕೇಳಿಸದ ಮಕ್ಕಳ ಶಾಲೆಯೊಂದಕ್ಕೆ ವಿಜಯನಗರದ ಕಡೆಯಿಂದ ಮಕ್ಕಳನ್ನು ಕರೆದೊಯ್ಯುವ ವ್ಯಾನು ಅದು. ಅಪ್ಪ ತೀರಿಕೊಳ್ಳುವ ತಿಂಗಳ ಮುಂಚೆ ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿಕೊಟ್ಟಿದ್ದರು.

"ಸ್ಟೆಲ್ಲಮ್ಮ, ಆಯಿಲ್ ದೀಪ ಉರೀತದೆ ಕಣಮ್ಮ," ಅಂದ. "ಗಾಡಿ ಬಿಸಿಯಾಗಿ ಏರು ಹತ್ತುವಾಗ ಹತ್ಕೊಳ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದ್ರೆ ಇರಲ್ಲ."

"ಎಷ್ಟು ದಿನದಿಂದ?"

"ಮೂರು ವಾರ ಆಯ್ತು."

"ಮೂರು ವಾರ ಏನ್ ಮಾಡ್ತಿದ್ರಿ?"

ಅವನು ನೆಲ ನೋಡಿದ. "ಬೇರೆ ಕಡೆ ತೋರಿಸ್ದೆ. ಬೇರಿಂಗ್ ಹೋಗ್ಯದೆ ಅಂದ್ರು. ಅಂತೋಣಿ ಮೇಸ್ತ್ರಿಗೆ ಕೊನೆಕೊನೆಗೆ ಕಣ್ಣು ಕಾಣ್ತಿರಲಿಲ್ಲ, ಎಂಗೆಂಗೋ ಜೋಡಿಸ್ಬುಟ್ಟವ್ರೆ ಅಂದ್ರು. ಬೇಜಾರ್ ಮಾಡ್ಕೋಬೇಡ."

ನನ್ನ ಮೈಯೆಲ್ಲ ಉರಿಯಿತು. ಅಪ್ಪನ ಕಣ್ಣಿಗೆ ಪೊರೆ ಬಂದಿದ್ದು ನಿಜ. ಆದರೆ ಅವರ ಬೆರಳುಗಳಿಗೇ ಕಣ್ಣಿದ್ದವು. ಸತ್ತವರು ಬಂದು ಉತ್ತರ ಕೊಡುವುದಿಲ್ಲ ಎಂಬ ಧೈರ್ಯದಲ್ಲಿ ಯಾರೋ ಆಡಿದ ಮಾತು ಇದು.

"ನಾಳೆ ಎಷ್ಟು ಹೊತ್ತಿಗೆ ಗಾಡಿ ಬೇಕು?" ಅಂದೆ.

"ಬೆಳಗ್ಗೆ ಐದಕ್ಕೆ. ಹದಿಮೂರು ಮಕ್ಕಳನ್ನ ಬಿಳಿಗಿರಿರಂಗನ ಬೆಟ್ಟಕ್ಕೆ ಕರ್ಕೊಂಡ್ ಹೋಗ್ಬೇಕು."

ಎಂಜಿನ್ನಿನೊಳಗೆ ಎಣ್ಣೆ ಸಾಕಷ್ಟು ಒತ್ತಡದಲ್ಲಿ ಹರಿಯದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಕೆಂಪು ದೀಪವೇ ಆಯಿಲ್ ದೀಪ. ಎಂಜಿನ್ನಿನ ದಂಡ ತಿರುಗುವ ನಯವಾದ ಬಳೆ, ಅಂದರೆ ಬೇರಿಂಗ್, ಸವೆದರೂ ಆ ಒತ್ತಡ ಇಳಿಯುತ್ತದೆ. ಲಕ್ಷ್ಯ ಮಾಡದೆ ಓಡಿಸಿದರೆ ಎಂಜಿನ್ನು ಓಡುತ್ತಿರುವಂತೆಯೇ ಬಿಗಿದುಕೊಳ್ಳುತ್ತದೆ. ಬೆಟ್ಟದ ತಿರುವಿನಲ್ಲಿ ಹಾಗಾದರೆ... ಹಿಂದೆ ಕುಳಿತ ಮಕ್ಕಳಿಗೆ "ಹಿಡ್ಕೊಳ್ಳಿ" ಎಂದು ಕೂಗಿದರೂ ಕೇಳಿಸುವುದಿಲ್ಲ.

"ಇವತ್ತೇ ನೋಡ್ತೀನಿ. ನೀವೂ ಇಲ್ಲೇ ಇರಿ," ಅಂದೆ. "ಬೇರಿಂಗ್ ಸರಿಯಾಗಿದ್ರೆ, ಅದನ್ನ ನಿಮ್ಮ ಕಣ್ಣಲ್ಲೇ ನೋಡ್ಕೊಂಡು ಹೋಗಿ ಅವರಿಗೆ ಹೇಳ್ಬೇಕು."

ಷಟರ್ ಅರ್ಧ ಎಳೆದು ಕೆಲಸ ಶುರು ಮಾಡಿದಾಗ ಒಂಬತ್ತು ಗಂಟೆ. ಎಣ್ಣೆಯ ಮಟ್ಟ ನೋಡಿದೆ, ಸರಿಯಿತ್ತು. ಬೆರಳಿಗೆ ಹಚ್ಚಿ ಮೂಸಿದೆ. ಡೀಸೆಲ್ ಬೆರೆತ ವಾಸನೆ ಇರಲಿಲ್ಲ, ತೆಳುವೂ ಆಗಿರಲಿಲ್ಲ. ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಗುವ ಮುಂಚೆ ಆ ದೀಪ ಉರಿಯಬೇಕು, ಉರಿಯಿತು. ಶುರುವಾದ ಮೇಲೆ ಆರಬೇಕು, ಆರಿತು.

ದೀಪಕ್ಕೆ ಸುದ್ದಿ ಮುಟ್ಟಿಸುವ ಸ್ವಿಚ್ಚು ಎಂಜಿನ್ನಿನ ಪಕ್ಕದಲ್ಲಿರುತ್ತದೆ. ಅದನ್ನು ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಮೀಟರು ತಿರುಪಿ, ಅರ್ಧ ಗಂಟೆ ಎಂಜಿನ್ ಓಡಿಸಿದೆ. ಷೆಡ್ಡೆಲ್ಲ ಹೊಗೆ. ಬಿಸಿಯಾದ ಮೇಲೂ ಮುಳ್ಳು ಇರಬೇಕಾದ ಜಾಗದಲ್ಲೇ ನಿಂತಿತ್ತು.

"ನೋಡಿದ್ರಾ? ಬೇರಿಂಗ್ ಹೋಗಿದ್ರೆ ಈ ಮುಳ್ಳು ಮಲಗ್ಬೇಕಿತ್ತು," ಅಂದೆ. ಗೆದ್ದಷ್ಟು ಖುಷಿ ನನಗೆ. "ಸ್ವಿಚ್ ಕೆಟ್ಟಿದೆ, ಅಷ್ಟೇ."

ಹೊಸ ಸ್ವಿಚ್ ಹಾಕಿ ಎಂಜಿನ್ ಶುರು ಮಾಡಿದೆ. ಎರಡು ನಿಮಿಷ ಏನೂ ಇಲ್ಲ.

ಆಮೇಲೆ ದೀಪ ಹತ್ತಿತು.

ಸ್ವಿಚ್ಚಿನ ವೈರು ಕಿತ್ತೆ. ವೈರು ಕಿತ್ತರೆ ಆರಲೇಬೇಕು. ಆರಲಿಲ್ಲ. ವೈರು ಎಲ್ಲೋ ಸವೆದು ಕಬ್ಬಿಣಕ್ಕೆ ತಗುಲುತ್ತಿರಬಹುದು ಎಂದುಕೊಂಡು ಉದ್ದಕ್ಕೂ ಬೆರಳಾಡಿಸಿದೆ. ಒಂದು ಗೀರೂ ಇಲ್ಲ. ಎಂಜಿನ್ ನಿಲ್ಲಿಸಿ ಕೀಲಿಯನ್ನೇ ಹೊರಗೆಳೆದೆ.

ದೀಪ ಉರಿಯುತ್ತಲೇ ಇತ್ತು.

"ಸ್ಟೆಲ್ಲಮ್ಮ..." ಶ್ರೀಕಂಠಣ್ಣನ ದನಿ ಇಳಿದಿತ್ತು.

"ಇರಿ," ಅಂದೆ. ಸ್ಪ್ಯಾನರ್ ತಂದು ಬ್ಯಾಟರಿಯ ವೈರುಗಳನ್ನು ಬಿಚ್ಚಿದೆ. ಮೊದಲು ಒಂದು, ಆಮೇಲೆ ಇನ್ನೊಂದು. ಹೆಡ್‌ಲೈಟ್ ಒತ್ತಿದೆ, ಹತ್ತಲಿಲ್ಲ. ಹಾರನ್ ಒತ್ತಿದೆ, ಸದ್ದಿಲ್ಲ. ಗಾಡಿಯಲ್ಲಿ ಹನಿ ಕರೆಂಟೂ ಇರಲಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಆ ಕೆಂಪು ಚುಕ್ಕೆ ಮಾತ್ರ ಹಾಗೇ ಇತ್ತು. ಜೋರಾಗಿ ಅಲ್ಲ... ಬೂದಿಯೊಳಗೆ ಉಳಿದ ಕೆಂಡದ ಹಾಗೆ.

ಆಗ ಮೂಗಿಗೆ ಸೀಮೆಎಣ್ಣೆಯ ವಾಸನೆ ಬಡಿಯಿತು. ಅಪ್ಪ ಸಂಜೆ ಕೈ ತೊಳೆಯುತ್ತಿದ್ದುದು ಸೀಮೆಎಣ್ಣೆಯಲ್ಲಿ, ಮೇಲೆ ಮರದ ಹೊಟ್ಟು ಉಜ್ಜಿಕೊಂಡು. ಅವರು ಹೋದ ಮೇಲೆ ಉಳಿದಿದ್ದ ಡಬ್ಬವನ್ನು ನಾನೇ ಯಾರಿಗೋ ಕೊಟ್ಟುಬಿಟ್ಟಿದ್ದೆ. ಷೆಡ್ಡಿನಲ್ಲಿ ಒಂದು ತೊಟ್ಟು ಸೀಮೆಎಣ್ಣೆ ಇರಲಿಲ್ಲ.

ಟಕ್... ಟಕ್...

ಸದ್ದು ವ್ಯಾನಿನ ಅಡಿಯಿಂದ ಬಂತು. ಬಿಸಿ ಎಂಜಿನ್ ಆರುವಾಗ ಕಬ್ಬಿಣ ಹಾಗೆ ಸದ್ದು ಮಾಡುವುದುಂಟು. ಶ್ರೀಕಂಠಣ್ಣನಿಗೆ ಅದನ್ನೇ ಹೇಳಿದೆ. ಅವನು ಷಟರಿನ ಹತ್ತಿರ ಹೋಗಿ ನಿಂತಿದ್ದ.

"ಬಾಮ್ಮ, ಹೊರಗೋಗಣ. ನಾಳೆ ನೀನು ಫಾದರ್‌ನ ಕರ್ಸು, ನಾನು ನಿಂಬೆಹಣ್ಣು ಮಂತ್ರಿಸ್ಕೊಂಡು ಬತ್ತೀನಿ."

"ಫಾದರ್ ಬಂದು ಬೇರಿಂಗ್ ನೋಡ್ತಾರಾ?"

ಟಕ್... ಟಕ್...

ನನಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಗಿಂತ ಸಿಟ್ಟು ಜಾಸ್ತಿ. ನನ್ನ ಗ್ಯಾರೇಜಿನಲ್ಲಿ, ನಾನು ಹುಟ್ಟಿ ಬೆಳೆದ ಈ ಷೆಡ್ಡಿನಲ್ಲಿ ನನ್ನನ್ನು ಹೊರಗಟ್ಟುವುದು ಯಾರು? ಅಂಗಾತ ಮಲಗಿ ವ್ಯಾನಿನ ಅಡಿಗೆ ಜಾರಿದೆ. ಎಂಜಿನ್ನಿನ ಕೆಳಗೆ ಎಣ್ಣೆ ನಿಲ್ಲುವ ಕಬ್ಬಿಣದ ತಟ್ಟೆ ಇರುತ್ತದೆ, ಅದಕ್ಕೆ ಸಂಪ್ ಎನ್ನುತ್ತೇವೆ. ಸದ್ದು ಅದರೊಳಗಿಂದ ಬರುತ್ತಿತ್ತು.

"ಯಾರಾದ್ರೂ ಆಗಿರಿ," ಅಂದೆ ಗಟ್ಟಿಯಾಗಿ. "ಇಲ್ಲಿ ಕೆಲಸ ನಡೀತಾ ಇದೆ."

ಕೈಯಲ್ಲಿದ್ದ ಸ್ಪ್ಯಾನರಿನಿಂದ ಸಂಪಿಗೆ ಮೂರು ಸಲ ಬಡಿದೆ.

ಒಳಗಿಂದ ಸದ್ದು ಬಂತು. ಟಕ್. ಟಕ್. ಟಕ್.

ನಾಲ್ಕು ಸಲ ಬಡಿದೆ. ನಾಲ್ಕೇ ಬಂತು.

ಆರುವ ಕಬ್ಬಿಣಕ್ಕೆ ಎಣಿಸಲು ಬರುವುದಿಲ್ಲ. ಷಟರಿನ ಆಚೆ ಶ್ರೀಕಂಠಣ್ಣ ದೇವರ ಹೆಸರು ಹೇಳುತ್ತಿದ್ದುದು ಕೇಳಿಸುತ್ತಿತ್ತು.

ಸಂಪ್ ಬಿಚ್ಚುವುದು ನನ್ನ ಯೋಚನೆಯಲ್ಲೇ ಇರಲಿಲ್ಲ. ಮೀಟರು ಸರಿ ತೋರಿಸಿದ ಮೇಲೆ ಅದನ್ನು ಬಿಚ್ಚಲು ಯಾವ ಮೆಕ್ಯಾನಿಕ್ಕಿಗೂ ಕಾರಣವಿಲ್ಲ. ಆದರೂ ಎಣ್ಣೆ ಇಳಿಸಲು ಬಕೆಟ್ ಎಳೆದುಕೊಂಡೆ. "ಸರಿ, ಬಿಚ್ಚಿ ತೋರಿಸ್ತೀನಿ. ನಮ್ಮಪ್ಪನ ಕೆಲಸದಲ್ಲಿ ಏನ್ ತಪ್ಪಿದೆ ನೋಡೇಬಿಡೋಣ," ಎಂದು ಅದಕ್ಕೇ ಹೇಳಿದೆ, ಯಾವುದಕ್ಕೆ ಎಂದು ಗೊತ್ತಿಲ್ಲದೆ. ಬಿಸಿ ಎಣ್ಣೆ ಮೊಣಕೈವರೆಗೂ ಇಳಿಯಿತು. ಒಂದೊಂದೇ ಬೋಲ್ಟು ಬಿಚ್ಚಿದೆ. ಕೊನೆಯ ಬೋಲ್ಟು ಕೈಗೆ ಬರುವವರೆಗೂ ಒಳಗಿನ ಸದ್ದು ನಿಲ್ಲಲಿಲ್ಲ.

ಸಂಪ್ ಕೆಳಗಿಳಿದ ಕೂಡಲೇ ನಿಂತಿತು.

ತಟ್ಟೆಯ ತಳದಲ್ಲಿ, ಕಪ್ಪು ಎಣ್ಣೆಯಲ್ಲಿ ಮುದುಡಿಕೊಂಡು ಒಂದು ಬಟ್ಟೆಯ ಚೂರು ಬಿದ್ದಿತ್ತು. ಅಂಗೈಯಗಲ. ಹಿಂಡಿ ಬಿಡಿಸಿ ಕೆಲಸದ ಬಲ್ಬಿನ ಬೆಳಕಿಗೆ ಹಿಡಿದೆ. ನೀಲಿ ಸಣ್ಣ ಚೌಕಳಿ. ಅಪ್ಪನ ಲುಂಗಿ ಅದು, ನಾನೇ ಕ್ರಿಸ್ಮಸ್ಸಿಗೆ ತಂದುಕೊಟ್ಟಿದ್ದು.

ಎಂಜಿನ್ ಬಿಚ್ಚಿದಾಗ ಧೂಳು ಬೀಳದಿರಲೆಂದು ಅಪ್ಪ ಎಣ್ಣೆ ಹರಿಯುವ ತೂತುಗಳಿಗೆ ಹಳೆ ಬಟ್ಟೆ ತುರುಕಿಡುತ್ತಿದ್ದರು. ಜೋಡಿಸುವಾಗ ತೆಗೆಯುತ್ತಿದ್ದರು. ಈ ಒಂದು ಚೂರು ಒಳಗೇ ಉಳಿದಿದೆ. ಪೊರೆಗಣ್ಣಿಗೆ ಕಂಡಿಲ್ಲ. ಇಷ್ಟು ತಿಂಗಳು ಯಾವುದೋ ಸಂದಿಯಲ್ಲಿ ಸಿಕ್ಕಿಕೊಂಡಿದ್ದು ಮೂರು ವಾರದ ಹಿಂದೆ ಬಿಡಿಸಿಕೊಂಡು ತಳಕ್ಕೆ ಬಿದ್ದಿರಬೇಕು. ಏರು ಹತ್ತುವಾಗ ಎಣ್ಣೆಯ ಜೊತೆ ಹಿಂದಕ್ಕೆ ಸರಿದು, ಎಣ್ಣೆ ಹೀರುವ ಜಾಲರಿಗೆ ಅಂಟಿ ಬಾಯಿ ಮುಚ್ಚುತ್ತದೆ. ಎಂಜಿನ್ ನಿಂತರೆ ಕಳಚಿ ಕೆಳಗೆ ಬೀಳುತ್ತದೆ. ಸಮನೆಲದ ಮೇಲೆ ಎಷ್ಟು ಅಳೆದರೂ ಮೀಟರಿಗೆ ಅದು ಸಿಗುವುದಿಲ್ಲ. ಸಿಗುವುದು ಬೆಟ್ಟದಲ್ಲೇ.

ಹೊರಗೆ ಜಾರಿ ಬಂದು ನೋಡಿದೆ, ಆ ಕೆಂಪು ಚುಕ್ಕೆ ಆರಿತ್ತು. ಸೀಮೆಎಣ್ಣೆಯ ವಾಸನೆ ಹೋಗಿತ್ತು. ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಸುಮ್ಮನಾಗಿಬಿಡಬಹುದಿತ್ತು. ಹಾಗೆ ಅನ್ನಿಸಿತು ಕೂಡ.

"ಶ್ರೀಕಂಠಣ್ಣ, ಒಳಗೆ ಬನ್ನಿ," ಎಂದು ಕರೆದೆ. ಬಟ್ಟೆಯನ್ನು ಅವನ ಮುಂದೆ ಹಿಡಿದೆ. "ಇದು ನಮ್ಮಪ್ಪನ ತಪ್ಪು."

ಅವನು ಬಟ್ಟೆಯನ್ನು ಮಡಚಿ ನನ್ನ ಕೈಗೇ ಇಟ್ಟ. "ನಾನು ಯಾರ್ಗೂ ಯೋಳಲ್ಲ ಕಣಮ್ಮ," ಅಂದ.

"ಹೇಳಿ. ಅಂತೋಣಿ ಮೇಸ್ತ್ರಿ ಬಟ್ಟೆ ಮರೆತಿದ್ರು ಅಂತ ಹೇಳಿ. ಬೇರಿಂಗ್ ಹೋಗಿರ್ಲಿಲ್ಲ ಅಂತ್ಲೂ ಹೇಳಿ." ಒಂದು ಬೇರಿಂಗನ್ನು ಅವನೆದುರಿಗೇ ಬಿಚ್ಚಿ ಅವನ ಬೆರಳನ್ನು ಅದರ ಮೇಲೆ ಆಡಿಸಿದೆ. ಉಗುರಿಗೆ ಸಿಗುವ ಗೀರೂ ಇರಲಿಲ್ಲ. ಅಪ್ಪ ಕೂರಿಸಿದ್ದು ಹಾಗೇ ನಯವಾಗಿತ್ತು.

ಜಾಲರಿ ತೊಳೆದು, ಸಂಪ್ ಕಟ್ಟಿ, ಹೊಸ ಎಣ್ಣೆ ಸುರಿದು, ಬ್ಯಾಟರಿ ಜೋಡಿಸುವಾಗ ಮೂರೂವರೆ. ಕೀಲಿ ತಿರುಗಿಸಿದೆ. ಎಂಜಿನ್ ಶುರುವಾಗುವ ಮುಂಚೆ ಉರಿಯಬೇಕಾದ ದೀಪ ಉರಿಯಲಿಲ್ಲ. ಕಿತ್ತಿದ್ದ ವೈರನ್ನು ಸಿಕ್ಕಿಸಿದ್ದೇನೆಯೇ ಎಂದು ನೋಡಿದೆ, ಸಿಕ್ಕಿಸಿದ್ದೆ. ಡ್ಯಾಶ್‌ಬೋರ್ಡು ಬಿಚ್ಚಿ ಬಲ್ಬು ಹೊರತೆಗೆದೆ.

ಒಳಗಿನ ತಂತಿ ತುಂಡಾಗಿತ್ತು. ಗಾಜು ಕಪ್ಪಾಗಿತ್ತು. ಬಲ್ಬು ಕೂರುವ ಹಿಡಿಯಲ್ಲಿ ಹಸಿರು ಕಿಲುಬು ಎಷ್ಟು ದಪ್ಪ ಕಟ್ಟಿತ್ತೆಂದರೆ, ಆ ಜಾಗದಲ್ಲಿ ವರ್ಷಗಳಿಂದ ಕರೆಂಟು ಹರಿದಿರಲು ಸಾಧ್ಯವೇ ಇರಲಿಲ್ಲ.

ಶ್ರೀಕಂಠಣ್ಣ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. "ಮೂರು ವಾರದಿಂದ ನೋಡ್ತಿವ್ನಿ ಕಣಮ್ಮ ನಾನು..." ಅಷ್ಟೇ ಅಂದ.

ಕಿಲುಬು ಉಜ್ಜಿ ಹೊಸ ಬಲ್ಬು ಹಾಕಿದೆ. ಮೀಟರನ್ನೂ ಕಟ್ಟಿಕೊಂಡು ನಂಜನಗೂಡು ರಸ್ತೆಯಲ್ಲಿ ಒಂದು ಸುತ್ತು ಓಡಿಸಿದೆ. ಮುಳ್ಳು ಇಳಿಯಲಿಲ್ಲ. ಐದಕ್ಕೆ ಗಾಡಿ ಹೊರಟಿತು. ನಾನೂ ಹೋದೆ, ಮುಂದಿನ ಸೀಟಿನಲ್ಲಿ, ದೀಪದಿಂದ ಕಣ್ಣು ತೆಗೆಯದೆ. ಬೆಟ್ಟದ ಏರಿನಲ್ಲೆಲ್ಲ ಹಿಂದೆ ಹದಿಮೂರು ಮಕ್ಕಳು ಕೈಸನ್ನೆಯಲ್ಲೇ ಜಗಳವಾಡುತ್ತಿದ್ದರು. ಸಂಜೆ ಎಲ್ಲರೂ ಕ್ಷೇಮವಾಗಿ ಮನೆ ಸೇರಿದರು.

ಇದನ್ನು ಕೇಳಿದವರು ಬೇಕಾದಷ್ಟು ಹೇಳಿದ್ದಾರೆ. ನಿದ್ದೆಗೆಟ್ಟಿದ್ದೆ, ಹೊಗೆ ಕುಡಿದಿದ್ದೆ, ಅಪ್ಪನ ಆತ್ಮಕ್ಕೆ ಪೂಜೆ ಮಾಡಿಸು... ಪೂಜೆ ಮಾಡಿಸಿದೆ, ಅವರು ನನ್ನ ಅಪ್ಪ ಎಂಬ ಕಾರಣಕ್ಕೆ. ಉಳಿದದ್ದಕ್ಕೆ ಕಾರಣ ಹುಡುಕುತ್ತಾ ಕೂರುವುದಿಲ್ಲ. ಈಗಲೂ ರಾತ್ರಿ ಒಬ್ಬಳೇ ಕೆಲಸ ಮಾಡುತ್ತೇನೆ. ನನ್ನ ಷೆಡ್ಡಿಗೆ ನಾನು ಹೆದರುವುದಿಲ್ಲ.

ಹೆದರುವುದು ಬೇರೆಯದಕ್ಕೆ. ಕಣ್ಣು ಮಂದವಾದ ಆ ಕೊನೆಯ ದಿನಗಳಲ್ಲಿ ಅಪ್ಪ ಇನ್ನೂ ಎರಡು ಎಂಜಿನ್ ಕಟ್ಟಿದ್ದರು. ಒಂದು ರಾಜೀವನಗರದವರ ಗಾಡಿ. ಮಾರನೆಯ ವಾರವೇ ತರಿಸಿ ಬಿಚ್ಚಿ ನೋಡಿದೆ, ಏನೂ ಇರಲಿಲ್ಲ. ಇನ್ನೊಂದು ಬಿಳಿ ವ್ಯಾನು. ಅದರ ಮಾಲೀಕರು ಮಾರಿಬಿಟ್ಟಿದ್ದರು. ಕೊಂಡವನು ಇನ್ನೊಬ್ಬನಿಗೆ ಮಾರಿದ್ದ. ಅಲ್ಲಿಂದಾಚೆಗೆ ಸುಳಿವಿಲ್ಲ. ರಿಂಗ್ ರೋಡಿನಲ್ಲಿ ಹಳೆಯ ಬಿಳಿ ವ್ಯಾನು ಕಂಡರೆ ಸ್ಕೂಟರ್ ತಿರುಗಿಸಿ ಹಿಂದೆ ಹೋಗುತ್ತೇನೆ, ನಂಬರ್ ಪ್ಲೇಟ್ ನೋಡಲು. ಇವತ್ತಿನವರೆಗೂ ಸಿಕ್ಕಿಲ್ಲ.

ಏನನ್ನೂ ನಂಬದ ನಾನು, ಮಲಗುವ ಮುಂಚೆ ಒಂದು ಮಾತು ಕೇಳಿಕೊಳ್ಳುತ್ತೇನೆ. ಆ ಗಾಡಿ ಎಲ್ಲೇ ಇರಲಿ, ಯಾವ ಏರು ಹತ್ತುತ್ತಿರಲಿ... ಅದರಲ್ಲೂ ದೀಪ ಉರಿಯಲಿ.