ಪ್ರೆಸ್ಸಿನ ದೀಪಕ್ಕೆ ಕೈ ಮುಗಿದವರು

ಈಗಲೂ ಯಾರಾದರೂ ಟ್ಯೂಬ್‌ಲೈಟ್ ಹಾಕಿದ ಕೂಡಲೇ ಅದರ ಕಡೆ ತಿರುಗಿ ಕೈ ಮುಗಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯವರು ನಗುತ್ತಾರೆ. ನಗಲಿ. ಚನ್ನಗಿರಿಯ ಆ ಪ್ರೆಸ್ಸಿನಲ್ಲಿ ಒಂದು ಮದುವೆ ಸೀಸನ್ ದುಡಿದಿದ್ದರೆ ಅವರಿಗೂ ಉರಿಯುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿ ಪ್ರೂಫ್ ನೋಡುತ್ತಿದ್ದೆ, ಆರ್ಡರ್ ಬರೆದುಕೊಳ್ಳುತ್ತಿದ್ದೆ. ಮಾಲೀಕರು ಅಡಿಕೆ ಮಂಡಿಗೆ ಹೋದಾಗ ಎಲ್ಲರನ್ನೂ ಬೈಯುವ ಕೆಲಸವೂ ನನ್ನದೇ. ಅವರಿಗೆ ಮಂಡಿಯೇ ಮುಖ್ಯ. ಪ್ರೆಸ್ಸು ತಂದೆ ಬಿಟ್ಟುಹೋದದ್ದು ಅಂತ ಇಟ್ಟುಕೊಂಡಿದ್ದರು ಅಷ್ಟೇ. ಇನ್ನೊಬ್ಬರು ನಮ್ಮ ಕಂಪೋಸಿಟರ್. ದಿನಾ ತ್ಯಾವಣಿಗೆಯಿಂದ ಬಸ್ಸಿಗೆ ಬರುವವರು, ಐವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವುದು ಅವರ ಕೆಲಸ. ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿರುತ್ತದೆ. ಅದನ್ನು ಅವರು ಕನ್ನಡಕವಿಲ್ಲದೆ ಸರಸರ ಓದುತ್ತಿದ್ದರು. ಒಂದು ಒತ್ತಕ್ಷರದ ಬಾಲ ಚೂರು ಸವೆದಿದ್ದರೂ ಹಿಡಿದು ಆಚೆ ಎಸೆಯುತ್ತಿದ್ದರು. ಅವರ ಮನೆಯ ಅನ್ನವೆಲ್ಲ ಆ ಎರಡು ಕಣ್ಣಿನಲ್ಲಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮುಂದಿನ ಕಿರುಚಾಟಕ್ಕೆಲ್ಲ ಅದೇ ಕಾರಣ.

ಆ ಹೊತ್ತಿಗೆ ದಾವಣಗೆರೆಯಲ್ಲಿ ಮದುವೆ ಕಾರ್ಡುಗಳು ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪಳಪಳ ಹೊಳೆಯತೊಡಗಿದ್ದವು. ನಮ್ಮ ಗಿರಾಕಿಗಳೆಲ್ಲ ಅತ್ತ ಹೊರಟರು. ಮಾಲೀಕರು ಎಲ್ಲಿಂದಲೋ ಒಬ್ಬ ಮೆಕ್ಯಾನಿಕ್‌ನನ್ನು ಕರೆತಂದರು. ಚೌಕಟ್ಟಿಗೆ ಬಿಗಿದ ತೆಳುಬಟ್ಟೆಗೆ, ಅಂದರೆ ಸ್ಕ್ರೀನಿಗೆ, ಔಷಧಿ ಬಳಿದು, ಅಕ್ಷರದ ಫಿಲ್ಮನ್ನು ಅದಕ್ಕೆ ಒತ್ತಿಟ್ಟು, ಕೆಳಗಿನಿಂದ ಜೋರು ಬೆಳಕು ಕೊಡಬೇಕು. ಬೆಳಕು ಬಿದ್ದಲ್ಲಿ ಔಷಧಿ ಗಟ್ಟಿಯಾಗುತ್ತದೆ, ಅಕ್ಷರದ ಜಾಗ ಮಾತ್ರ ನೀರಿಗೆ ತೊಳೆದುಹೋಗುತ್ತದೆ, ಅಲ್ಲಿಂದ ಶಾಯಿ ಇಳಿಯುತ್ತದೆ. ಆ ಬೆಳಕಿಗಾಗಿ ಆತ ಬೀದಿ ಕಂಬದ ದೊಡ್ಡ ಬಲ್ಬೊಂದನ್ನು ತಂದಿದ್ದ. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಹೊರಗಿನ ಗಾಜನ್ನು ಸುತ್ತಿಗೆಯಲ್ಲಿ ತಟ್ಟಿ ಒಡೆದುಹಾಕಿದ. ಒಳಗಿನ ಬೆರಳುದ್ದದ ಕೊಳವೆ ಮಾತ್ರ ಉಳಿಯಿತು, ಅದನ್ನು ಗಾಜಿನ ಮೇಜಿನ ಕೆಳಗೆ ಕೂರಿಸಿದ.

"ಈ ಗಾಜು ಐತಲ್ಲ, ಬೆಳಕಿನ ಕಸುವೆಲ್ಲ ಇದೇ ತಡಿಯೋದು. ಒಡೆದ್ರೆ ಅರ್ಧ ಟೈಮಿನಾಗೆ ಕೆಲ್ಸ ಆಗ್ತೈತೆ," ಅಂದ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದ: "ಬರಿಗಣ್ಣಾಗೆ ಮಾತ್ರ ಅದನ್ನ ನೋಡಾಕೆ ಹೋಗಬ್ಯಾಡ್ರಿ. ವೆಲ್ಡಿಂಗ್‌ನವರ ಕನ್ನಡಕ ಹಾಕ್ಕಳ್ರಿ." ಅಷ್ಟೇ. ಮುಖ್ಯವಾದ ಮಾತನ್ನು ನಮ್ಮ ಕಡೆ ಯಾವಾಗಲೂ ಹೊಸ್ತಿಲ ಮೇಲೆ ನಿಂತೇ ಹೇಳುವುದು.

ನಾನು ಹಠ ಮಾಡಿ ಒಂದು ಕಪ್ಪು ಕನ್ನಡಕ ತರಿಸಿದೆ. ಅದಾಗಿ ವಾರಕ್ಕೇ ಆಯುಧ ಪೂಜೆ. ಮಾರನೆಯ ದಿನ ಬಂದು ನೋಡುತ್ತೇನೆ, ಅಚ್ಚು ಹೊಡೆಯುವ ಟ್ರೆಡಲ್ ಮೆಷಿನ್ನಿಗೆ, ಕತ್ತರಿಗೆ, ಮೊಳೆಯ ಪೆಟ್ಟಿಗೆಗೆ ಪೂಜೆಯಾದ ಹಾಗೆ ಕನ್ನಡಕಕ್ಕೂ ಆಗಿದೆ! ಎರಡೂ ಗಾಜಿಗೆ ಮೂರು ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಕಡ್ಡಿಗೆ ಚೆಂಡುಹೂವು. ಒರೆಸಲು ಹೋದರೆ ಮಾಲೀಕರೇ ತಡೆದರು.

"ಇರ್ಲಿ ಬಿಡ್ರಿ ಅಮ್ಮಾರೆ. ಪೂಜೆ ಆಗೈತೆ, ಇನ್ನೇನೂ ಆಗಂಗಿಲ್ಲ."

ಅಯ್ಯೋ ಶಿವನೇ! ಕನ್ನಡಕ ಗೋಡೆಯ ಮೊಳೆಯಲ್ಲಿ ದೇವರ ಪಟದ ಪಕ್ಕ ನೇತಾಡಿತು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು, ಸ್ಕ್ರೀನಿಗೆ ಬೆಳಕು ಕೊಡುವ ಕೆಲಸವನ್ನೂ ಹೊತ್ತುಕೊಂಡ ಕಂಪೋಸಿಟರ ಕೈ ಮುಗಿಯುವ ಚಟ. ಸಂಜೆ ದೀಪ ಹಚ್ಚಿದರೆ ಕೈ ಮುಗಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ, ಕರೆಂಟು ಬಂದ ಮೇಲೆ ಬಲ್ಬಿಗೂ ಮುಗಿದೆವು. ಆದರೆ ಈ ದೀಪಕ್ಕೂ? ಅದು ಹಾಕಿದ ಕೂಡಲೇ ಪೂರ್ತಿ ಹೊತ್ತಿಕೊಳ್ಳುವುದಿಲ್ಲ. ಮೊದಲು ಮಂಕಾಗಿ ಮಿಣುಗಿ, ನಾಲ್ಕೈದು ನಿಮಿಷಕ್ಕೆ ನೀಲಿಬಿಳಿಯಾಗಿ ಉರಿಯುತ್ತದೆ. ಈ ಮನುಷ್ಯ ಮೇಜಿನ ಕೆಳಗೆ ಬಗ್ಗಿ, ಅದು ಪೂರ್ತಿ ಆಗುವ ತನಕ ಕಾದು, ಕಣ್ತುಂಬ ನೋಡಿ, ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಪ್ರತಿ ಸ್ಕ್ರೀನಿಗೂ!

"ಯಜಮಾನ್ರೇ, ಅದು ಮೆಷಿನ್ ಕಣ್ರಿ, ದೇವರ ದೀಪ ಅಲ್ಲ!"

"ದೀಪದಾಗೆ ಅದು ಬ್ಯಾರೆ ಇದು ಬ್ಯಾರೆ ಅಂತ ಐತೇನ್ರಿ ಅಮ್ಮಾರೆ?"

"ಹಂಗಾರೆ ಬೆನ್ನು ತಿರುಗಿಸ್ಕಂಡು ಮುಗೀರಿ."

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿದರು, ನಾನೇನೋ ಹೊಲಸು ಮಾತಾಡಿದ ಹಾಗೆ. "ಉರಿಯೋ ದೀಪಕ್ಕೆ ಬೆನ್ನು ಮಾಡಾಕಾಗ್ತೈತಾ? ನಮ್ಮವ್ವ ಎದ್ದು ಬಂದು ಹೊಡದಾಳು."

ಒಂದು ದಿನ ಜಗಳ ಮಾಡಿ ಕನ್ನಡಕ ಒರೆಸಿ ನಾನೇ ಅವರ ಮೂಗಿಗೆ ಏರಿಸಿದೆ. ದೀಪ ಹೊತ್ತಿಕೊಂಡಿತು. ಕೈ ಮುಗಿಯುವ ಮುಂಚೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು, ಗುಡಿಯ ಮುಂದೆ ಚಪ್ಪಲಿ ಬಿಡುವಷ್ಟೇ ಸಹಜವಾಗಿ. "ಮಖ ಮುಚ್ಕಂಡು ಕೈ ಮುಗೀಬಾರದ್ರಿ," ಎಂದು ನನಗೇ ಬುದ್ಧಿ ಹೇಳಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಕತೆ. ಹಣೆ ಹಣೆ ಚಚ್ಚಿಕೊಂಡು ಪ್ರೂಫ್ ನೋಡಲು ಹೋದೆ.

ಮದುವೆ ಸೀಸನ್ ಬಂತು. ಒಂದೇ ದಿನ ಹತ್ತಾರು ಸ್ಕ್ರೀನ್. ಅಷ್ಟೂ ಸಲ ಬಗ್ಗಿದರು, ಅಷ್ಟೂ ಸಲ ಮುಗಿದರು. ಮರುದಿನ ಬೆಳಿಗ್ಗೆ ಅವರ ಹೆಂಡತಿ ಕೈ ಹಿಡಿದುಕೊಂಡು ಬಸ್ಸಿನಿಂದ ಇಳಿಸಿದರು. ಎರಡೂ ಕಣ್ಣು ಊದಿ ಮುಚ್ಚಿಕೊಂಡಿದ್ದವು, ಕೆನ್ನೆ ತುಂಬ ನೀರು. "ಕಣ್ಣಾಗೆ ಮರಳು ಹಾಕಿ ತಿಕ್ಕಿದಂಗೆ ಆಗ್ತೈತೆ ಅಮ್ಮಾರೆ," ಅಂದರು. ಅಷ್ಟು ಹೊತ್ತಿಗೆ ಹೆಂಡತಿ ಪಕ್ಕದ ಮನೆ ಬಾಣಂತಿಯ ಎದೆಹಾಲು, ಹರಳೆಣ್ಣೆ ಎಲ್ಲ ಬಿಟ್ಟು ಮುಗಿಸಿದ್ದರು. ರಜೆ ಕೇಳಲು ಬಂದಿದ್ದರಂತೆ! ಕಣ್ಣು ಕಾಣದ ಮನುಷ್ಯ ರಜೆ ಕೇಳಲು ಬಸ್ಸಿಗೆ ಬಂದಿದ್ದಾನೆ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ರೆಪ್ಪೆ ಬಿಡಿಸಿ ನೋಡಿ ಗದರಿದರು. "ಬಿಸಿಲಿಗೆ ಮೈ ಸುಟ್ಟಂಗೆ ಕಣ್ಣಿನ ಮೇಲಿನ ಪದರ ಸುಟ್ಟೈತೆ. ಆ ಲೈಟನ್ನ ನೋಡಿದ್ರಾ?"

"ಇಲ್ಲ ಸಾರ್. ಕೈ ಮುಗಿದೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಎರಡು ಮೂರು ದಿನಕ್ಕೆ ವಾಸಿಯಾಗುತ್ತದೆ ಅಂದರು, ಹಿಂಗೇ ಮಾಡುತ್ತ ಹೋದರೆ ಮುಂದೆ ಸಣ್ಣ ಅಕ್ಷರವಿರಲಿ, ಬಸ್ಸಿನ ಬೋರ್ಡೂ ಕಾಣುವುದಿಲ್ಲ ಅಂತಲೂ ಅಂದರು. ಅವರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ನೆಟ್ಟಗೆ ಪ್ರೆಸ್ಸಿಗೆ ಬಂದೆ. ಹೊನ್ನಾಳಿಯ ಮದುವೆ ಮನೆಯವರು ಕಾರ್ಡಿಗೆ ಬೆಂಚಿನ ಮೇಲೆ ಕಾಯುತ್ತಿದ್ದರು, ಮಾಲೀಕರು ಅವರಿಗೆ ಟೀ ಹೇಳಿದ್ದರು. ದೀಪದ ಸುತ್ತ ಮುಚ್ಚಳವಿರುವ ಪೆಟ್ಟಿಗೆ ಮಾಡಿಸಿ, ಸ್ವಿಚ್ಚನ್ನು ಹೊರಗಿಡಿ ಅಂದೆ.

"ಸೀಸನ್ ಒಂದು ಮುಗೀಲಿ ತಾಯಿ."

"ಆಯ್ತು," ಎಂದು ಹೇಳಿ, ಸ್ಟೂಲು ಹತ್ತಿ ಪಿಂಗಾಣಿ ಫ್ಯೂಸನ್ನು ಕಿತ್ತು, ಉಪ್ಪಿಟ್ಟು ಮೆತ್ತಿದ ನನ್ನ ಟಿಫಿನ್ ಡಬ್ಬಿಗೆ ಹಾಕಿ ಮುಚ್ಚಿ, ಮನೆಗೆ ಹೊರಟೆ. ಹಿಂದಿನಿಂದ ಏನೇನೋ ಕೂಗಿದರು, ನಾನು ತಿರುಗಲಿಲ್ಲ. ಮಧ್ಯಾಹ್ನದೊಳಗೆ ಬಡಗಿ ಬಂದ. ದಪ್ಪ ಹಲಗೆಯ ಪೆಟ್ಟಿಗೆ ಎದ್ದಿತು, ಸ್ವಿಚ್ಚು ಪೆಟ್ಟಿಗೆಯ ಹೊರಗೆ ಪಕ್ಕದ ಗೋಡೆಗೆ ಬಂತು. ಡಬ್ಬಿ ತೊಳೆದು ಫ್ಯೂಸು ವಾಪಸ್ ಕೊಟ್ಟೆ.

ಕಣ್ಣು ವಾಸಿಯಾಗಿ ಬಂದ ಕಂಪೋಸಿಟರು ಪೆಟ್ಟಿಗೆಯನ್ನು ಸುತ್ತಿ ನೋಡಿ ಪೆಚ್ಚಾದರು. ಕೈ ಮುಗಿಯಲು ಎದುರಿಗೆ ದೀಪವೇ ಇಲ್ಲ! ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತರು, ಒತ್ತಲಿಲ್ಲ. ಮಾರನೆಯ ದಿನ ಮನೆಯಿಂದ ಒಂದು ಮಣ್ಣಿನ ಹಣತೆ ತಂದು ಸ್ವಿಚ್ಚಿನ ಪಕ್ಕದ ಗೂಡಿನಲ್ಲಿಟ್ಟೆ. ಸೀಮೆಎಣ್ಣೆ, ಶಾಯಿ ಡಬ್ಬಿಗಳನ್ನೆಲ್ಲ ಹಿತ್ತಲ ಕೋಣೆಗೆ ಸಾಗಿಸಿದೆ. "ಮೊದಲು ಇದನ್ನ ಹಚ್ಚಿ ಕೈ ಮುಗೀರಿ, ಆಮೇಲೆ ಅದನ್ನ ಹಾಕ್ರಿ. ಒಂದು ದೀಪದಿಂದ ಇನ್ನೊಂದು ಹಚ್ಚಿದಂಗೆ ಆತು," ಅಂದೆ. ಅವರ ಮುಖ ಅರಳಿತು. ಅಷ್ಟು ಸುಲಭವಿತ್ತು ಕೆಲಸ, ಅದಕ್ಕೆ ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡಿದ್ದೆ.

ಮುಂದೆ ಎರಡು ಸೀಸನ್ ತಂಟೆಯಿಲ್ಲದೆ ಕಳೆದವು. ಮೂರನೆಯದರಲ್ಲಿ ಒಂದು ಮಧ್ಯಾಹ್ನ ಕೆಲಸದ ನಡುವೆ ಕರೆಂಟು ಹೋಯಿತು. ಒಳಗೆ ಸ್ಕ್ರೀನ್ ಸಿಕ್ಕಿಕೊಂಡಿತ್ತು, ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಬೇಕಾಯಿತು. ಬಿಚ್ಚಿದವಳು ನಾನೇ. ಸ್ವಿಚ್ಚು ಆರಿಸಬೇಕಾದವಳೂ ನಾನೇ. ಆರಿಸಿರಲಿಲ್ಲ. ಅಲ್ಲೇ ಸ್ಟೂಲು ಹಾಕಿಕೊಂಡು ಕಂಪೋಸಿಟರಿಗೆ ಕಾರ್ಡಿನ ತಪ್ಪು ತೋರಿಸುತ್ತಿದ್ದೆ. ತುಂಬ ಹೊತ್ತಾದ ಮೇಲೆ ಕರೆಂಟು ಬಂತು. ಬೀದಿಯಲ್ಲಿ ಯಾರೋ ಹೋ ಎಂದರು, ಪೆಟ್ಟಿಗೆಯೊಳಗೆ ಕೊಳವೆ ಮಂಕಾಗಿ ಮಿಣುಗಿತು.

ನಾನು ಅದರ ಕಡೆ ತಿರುಗಿ ಕೈ ಮುಗಿದೆ.

ಮುಗಿದದ್ದು ನನಗೆ ಗೊತ್ತೇ ಆಗಲಿಲ್ಲ. ಹುಟ್ಟಿದಾಗಿನಿಂದ ಮಾಡಿದ್ದನ್ನು ಕೈಗಳು ತಾವೇ ಮಾಡಿದವು. ಅಷ್ಟಕ್ಕೇ ನಿಲ್ಲಲಿಲ್ಲ. "ಹಲಗೆ ತೆಗೆದಾಗ ಸ್ವಿಚ್ಚು ನೋಡಾಕೆ ಏನಾಗಿತ್ರಿ ನಿಮಗೆ?" ಎಂದು ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿ, ಅದರ ಮುಂದೆಯೇ ಕೂತು ಉಪದೇಶ ಶುರು ಮಾಡಿದೆ. ದೀಪ ಏರುತ್ತ ಹೋಯಿತು, ನನ್ನ ದನಿಯೂ ಏರುತ್ತ ಹೋಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಅವರು "ಅಮ್ಮಾರೆ, ಅಮ್ಮಾರೆ" ಅಂದರು, ನಾನು ಬಿಟ್ಟರೆ ತಾನೇ. ಕೊನೆಗೆ ಅವರು ಎದ್ದು ನನಗೂ ಪೆಟ್ಟಿಗೆಗೂ ನಡುವೆ ಬಂದು ನಿಂತರು. ನನ್ನ ಕಡೆ ಮುಖ, ಪೂರ್ತಿ ಉರಿಯುತ್ತಿದ್ದ ದೀಪಕ್ಕೆ ಬೆನ್ನು. ಶಾಯಿ ಮೆತ್ತಿದ ಅಂಗೈಯಿಂದ ನನ್ನ ಎರಡೂ ಕಣ್ಣು ಮುಚ್ಚಿ, ಇನ್ನೊಂದು ಕೈ ಗೋಡೆಗೆ ಚಾಚಿ ಸ್ವಿಚ್ಚು ಆರಿಸಿದರು.

ಸಂಜೆಯ ಹೊತ್ತಿಗೆ ನನ್ನ ಕಣ್ಣಿಗೆ ಮರಳು ಬಿದ್ದಿತ್ತು. ಕೈ ಹಿಡಿದು ಕರೆದುಕೊಂಡು ಹೋದವರು ಅವರೇ. ಡಾಕ್ಟರೂ ಹಿಂದಿನವರೇ, ಕೇಳಿದ ಪ್ರಶ್ನೆಯೂ ಅದೇ: "ಲೈಟನ್ನ ನೋಡಿದ್ರಾ?"

"ಇಲ್ಲ ಸಾರ್, ಕೈ ಮುಗಿದೆ," ಎಂದು ಬಾಯಿಗೆ ಬಂದೇಬಿಟ್ಟಿತು. ಪಕ್ಕದಲ್ಲಿದ್ದ ಕಂಪೋಸಿಟರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಾಗ ಮೆಲ್ಲಗೆ ಕೇಳಿದರು: "ಇವತ್ತು ದೀಪಕ್ಕೆ ಬೆನ್ನು ಮಾಡಿಬಿಟ್ಟೆ ಅಮ್ಮಾರೆ. ತಪ್ಪಾತೇನ್ರಿ?"

ಕಾಣದ ಕಣ್ಣಿನಲ್ಲಿ ಅವರಿದ್ದ ಕಡೆ ತಿರುಗಿ ಕೈ ಮುಗಿದೆ.