ಸುರಂಗದ ಬಾಯಲ್ಲಿ ಬಂದ ಹೆಸರು

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಪುತ್ತೂರಿನ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುವವಳು ನಾನು. ಕಣ್ಣಾರೆ ಕಂಡದ್ದನ್ನೂ ಎರಡು ಸಲ ಅಳೆದು ನೋಡುವ ಜಾತಿ. ಆಮ್ಲಜನಕ ಕಡಿಮೆಯಾದಾಗ ಅಳಿಸಿಹೋಗುವ ನೆನಪನ್ನು ಮದ್ದಿನಿಂದ ಕಾಪಾಡಬಹುದೇ ಎಂದು ಇಲಿಗಳ ಮೇಲೆ ಪರೀಕ್ಷಿಸುವುದೇ ನನ್ನ ಕೆಲಸ. ಮೊದಲೇ ಮದ್ದು ಕುಡಿಸಿದ ಇಲಿಗಳು ಕಲಿತ ದಾರಿಯನ್ನು ಹೆಚ್ಚಾಗಿ ಮರೆಯುತ್ತಿರಲಿಲ್ಲ. ಉಸಿರು ಕಟ್ಟಿದ ಮೇಲೆ ಕುಡಿಸಿದರೆ ಮಾತ್ರ ನೀರಲ್ಲಿ ಹೋಮ ಮಾಡಿದ ಹಾಗೆ.

ಬೆಳ್ಳಾರೆ ಹತ್ತಿರದ ನಮ್ಮ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಸುರಂಗ ಕೊರೆಯುತ್ತಿದ್ದವರು ಅದ್ರಾಮಚ್ಚ, ನನ್ನನ್ನು ಎತ್ತಿ ಆಡಿಸಿದವರು. ಚಿಮಿಣಿ ದೀಪವಿಲ್ಲದೆ ಅವರು ಒಳಗೆ ಹೋಗುವವರೇ ಅಲ್ಲ. ದೀಪ ನಂದಿತೆಂದರೆ ಗಾಳಿ ಕೆಟ್ಟಿದೆ, ಹೊರಗೆ ಓಡಬೇಕು. ಹೊಗೆಗೆ ಕಣ್ಣು ಹಾಳಾಗುತ್ತದೆಂದು ತಲೆಗೆ ಕಟ್ಟುವ ಬ್ಯಾಟರಿ ಲೈಟು ತಂದುಕೊಟ್ಟ ಮಹಾಜ್ಞಾನಿ ನಾನೇ. ಬ್ಯಾಟರಿಗೆ ಗಾಳಿ ಬೇಡವಲ್ಲ. ಲೈಟು ಉರಿಯುತ್ತಲೇ ಇತ್ತು, ಅದ್ರಾಮಚ್ಚ ಬಿದ್ದಿದ್ದರು.

ಜೀವ ಉಳಿಯಿತು, ನೆನಪು ಹೋಯಿತು. ಹೆಂಡತಿ ಬೀಫಾತಿಮರನ್ನೇ ಯಾರೆಂದು ಕೇಳಿದರು. ನೆನಪು ಬರಲೂಬಹುದು, ಬಾರದಿರಲೂಬಹುದು ಎಂದರು ಡಾಕ್ಟರು.

“ನಿನ್ನ ಇಲಿಯ ಮದ್ದು ಇವರಿಗೂ ಒಂಚೂರು ಕೊಡು ಮಾರಾಯ್ತಿ,” ಎಂದು ಬೀಫಾತಿಮ ಅತ್ತರು. ಅದು ಮನುಷ್ಯರಿಗಲ್ಲ, ಹೊತ್ತೂ ಮೀರಿದೆ ಎಂದು ಹೇಳುವಾಗ ನಾಚಿಕೆಯಿಂದ ಸತ್ತೇಹೋದೆ.

ಮೂರನೇ ವಾರ, ಸುರಂಗ ಮುಚ್ಚಿಸುವ ಮೊದಲು ಗಾಳಿ ಎಲ್ಲಿಂದ ಕೆಟ್ಟಿದೆಯೆಂದು ನೋಡಲು ಸೊಂಟಕ್ಕೆ ಹಗ್ಗ ಕಟ್ಟಿ, ದೀಪ ಹಿಡಿದು ನಾನೇ ಹೊಕ್ಕೆ. ನಡು ಹಗಲು. ಹೊರಗೆ ನನ್ನ ತಮ್ಮ ಹಗ್ಗ ಹಿಡಿದಿದ್ದ. ಬೀಫಾತಿಮ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ತಿರುವು ದಾಟಿದೆ. ದೀಪದ ಉರಿ ನೆಟ್ಟಗಿತ್ತು. ಆಗ ಹೊರಗಿನಿಂದ ಅದ್ರಾಮಚ್ಚ ನನ್ನ ಹೆಸರು ಹಿಡಿದು ಗರ್ಜಿಸಿದರು: “ಹೊರಗೆ ಬಾ! ದೀಪ ಹೋಗ್ತಾ ಉಂಟು!”

ಅವರು ಕೂತಲ್ಲಿಂದ ನನ್ನ ದೀಪ ಕಾಣುವಂತೆಯೇ ಇರಲಿಲ್ಲ. ಆದರೂ ತಿರುಗಿದೆ. ತಿರುಗುವಷ್ಟರಲ್ಲಿ ದೀಪ ನಂದಿತು.

ಬಿದ್ದೆದ್ದು ಹೊರಗೆ ಬಂದರೆ ಅದ್ರಾಮಚ್ಚ ಬೈಯುತ್ತಿದ್ದರು: “ಬೀಫಾತಿಮ, ಇವಳನ್ನು ಒಳಗೆ ಬಿಟ್ಟದ್ದು ಯಾರು? ಬುದ್ಧಿ ಉಂಟಾ ನಿಮಗೆ?” ಹೆಂಡತಿಯ ಹೆಸರು! ಬೀಫಾತಿಮ ಬೈಗುಳ ತಿನ್ನುತ್ತ ನಕ್ಕರು, ಅತ್ತರು. ನಾನು ಮಣ್ಣಾದ ಮೈಯಲ್ಲೇ ಕುಣಿದುಬಿಟ್ಟೆ. ಸಂಜೆಯೊಳಗೆ ಮೊಮ್ಮಕ್ಕಳ ಹೆಸರೆಲ್ಲ ಒಂದೊಂದಾಗಿ ಬಂತು.

ನೆನಪು ತಾನಾಗಿ ಮರಳುವುದುಂಟು, ಒಪ್ಪುತ್ತೇನೆ. ಮೂವತ್ತು ವರ್ಷ ಗಂಜಿಗೆ ನೆನಪಿಗೆ ಒಳ್ಳೆಯದೆಂಬ ಒಂದೆಲಗದ ಚಟ್ನಿ ಬಡಿಸಿದ್ದರ ಫಲ ಎನ್ನುತ್ತಾರೆ ಬೀಫಾತಿಮ. ನನ್ನ ಇಲಿಗಳಿಗೆ ಕೊಟ್ಟ ಹಾಗೆ ಮೊದಲೇ ಕೊಟ್ಟದ್ದಲ್ಲವೇ, ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಕಾಣದ ದೀಪ ಅವರಿಗೆ ಕಂಡದ್ದು ಹೇಗೆ? ಇಂದಿಗೂ ನನಗೆ ತಿಳಿದಿಲ್ಲ. ಕೇಳಿದರೆ ಅದ್ರಾಮಚ್ಚ ಕೈಬೀಸಿ ತಳ್ಳಿಹಾಕುತ್ತಾರೆ.

“ಅದು ಎಂತದೋ, ನಂಗೂ ಗೊತ್ತಿಲ್ಲ. ನೀನು ಹೊರಗೆ ಬಂದೆ, ನಾನೂ ಬಂದೆ. ಮತ್ತೆಂತ ಬೇಕು ಮಾರಾಯ್ತಿ?”