ಅತ್ತೆಯ ತಾಯಿಗಡ್ಡೆ

ಅಳಿಯನಾಗಿ ಆ ಮನೆಗೆ ಬಂದಾಗ ಅವನಿಗೆ ಎರಡು ಭ್ರಮೆಗಳಿದ್ದವು. ಒಂದು, ಈರುಳ್ಳಿ ಎಂಬುದು ಅಂಗಡಿಯಲ್ಲಿ ಹುಟ್ಟಿ ಚೀಲದಲ್ಲಿ ಬೆಳೆಯುವ ವಸ್ತು. ಇನ್ನೊಂದು, ಅಳಿಯ ಎಂಬುದು ಒಂದು ಪದವಿ. ಅತ್ತೆ ಎರಡನ್ನೂ ಒಂದೇ ಬೆಳಿಗ್ಗೆ ಇಳಿಸಿಬಿಟ್ಟರು. ಕೈಗೆ ಒಂದು ಕಡ್ಡಿ ಕೊಟ್ಟು, "ಸುಮ್ನೆ ನಿಂತಿದ್ದೀಯಲ್ಲಪ್ಪ, ಈರುಳ್ಳಿ ಮಡೀಲಿ ಸಾಲು ಗೀರು" ಅಂದರು. ಅವನು ಗೀರಿದ್ದನ್ನು ನೋಡಿ, "ಹಾವು ಹರಿದ ಹಾಗಿದೆ. ಪರವಾಗಿಲ್ಲ, ಈರುಳ್ಳಿಗೆ ಕಣ್ಣಿಲ್ಲ" ಎಂದು ಸಮಾಧಾನವನ್ನೂ ಹೇಳಿದರು.

ಅವನು ಬೂಟಿನ ಅಂಗಡಿಯ ನೌಕರ. ದಿನವಿಡೀ ಊರಿನವರ ಪಾದಗಳ ಮುಂದೆ ಮಂಡಿಯೂರಿ, "ಸ್ವಲ್ಪ ನಡೆದು ನೋಡಿ ಸಾರ್" ಎನ್ನುವುದೇ ಕಸುಬು. ಅಷ್ಟು ಪಾದಸೇವೆಗೆ ಬೇರೆಯವರಿಗಾದರೆ ಮೋಕ್ಷ ಸಿಗುತ್ತಿತ್ತು. ಅವನಿಗೆ ಮೊಣಕಾಲು ನೋವು ಸಿಕ್ಕಿತ್ತು. ಮದುವೆಯಾದ ಮೇಲೆ ಹಿಡಿದ ಬಾಡಿಗೆ ಕೋಣೆಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಆಕಳಿಸಿದರೆ ಮೊಣಕೈ ಗೋಡೆಗೆ ತಾಗುತ್ತಿತ್ತು. ಕೊನೆಗೆ ಹೆಂಡತಿ, "ಅಮ್ಮನ ಮನೇಲಿ ಮೇಲಿನ ಕೋಣೆ ಖಾಲಿ ಇದೆ" ಅಂದಳು. ಅವನು ಎರಡು ದಿನ ಸ್ವಾಭಿಮಾನದಿಂದ ಯೋಚಿಸಿ, ಮೂರನೆಯ ದಿನ ಹಾಸಿಗೆ ಸುತ್ತಿದ.

ಅತ್ತೆ ಹೊಲಿಗೆಯವರು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಸುತ್ತಲಿನ ಶಾಲೆಯ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುತ್ತಿದ್ದರು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಉಜ್ಜಿದರೆ, ಒಗೆದ ಮೇಲೆ ಅದು ಎಷ್ಟು ಕುಗ್ಗುತ್ತದೆಂದು ಹೇಳುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ಹಿತ್ತಲಲ್ಲಿ. ಅಡುಗೆಮನೆಯ ಹಿಂದೆ, ನೀರಿನ ತೊಟ್ಟಿಗೂ ಪಕ್ಕದ ಮನೆಯ ಗೋಡೆಗೂ ನಡುವೆ ಸಿಕ್ಕಿಕೊಂಡ ಒಂದು ಪಟ್ಟಿ ನೆಲ. ಅಲ್ಲಿ ಬೆಳೆಯುತ್ತಿದ್ದದ್ದು ಈರುಳ್ಳಿ ಮಾತ್ರ. ಚಪ್ಪಟೆಯಾದ, ಕಡುಗೆಂಪಿನ, ಸಿಪ್ಪೆ ಬಿಗಿದ ಜಾತಿ. ಹೆಚ್ಚಿದರೆ ಮೊದಲು ಕಣ್ಣಿಗೆ ಖಾರ, ಬೆಂದರೆ ನಾಲಿಗೆಗೆ ಸಿಹಿ.

ಒಡೆದ ಬಕೀಟಿನಲ್ಲಿ ಬೀಜ ಚೆಲ್ಲಿ, ಸಸಿ ಸೂಜಿ ದಪ್ಪಕ್ಕೆ ಬಂದಾಗ ಕಿತ್ತು ಸಾಲಿಗೆ ನೆಡುತ್ತಿದ್ದರು. ಅಳಿಯ ಒಮ್ಮೆ ಪ್ರೀತಿಯಿಂದ ಸಸಿಗಳ ಕುತ್ತಿಗೆಯವರೆಗೆ ಮಣ್ಣು ಏರಿಸಿದ್ದ. ಅತ್ತೆ ಎಲ್ಲವನ್ನೂ ಬೆರಳಿನಿಂದ ಬಿಡಿಸುತ್ತ, "ಇದು ಕಂಬಳಿ ಹೊದ್ದು ಮಲಗೋ ಜಾತಿಯಲ್ಲ. ಅರ್ಧ ಮೈ ಹೊರಗೆ ಹಾಕಿ ಬಿಸಿಲು ಕಾಯಿಸೋ ಜಾತಿ. ನಿನ್ನ ಹಾಗಲ್ಲ" ಅಂದರು. ಗಡ್ಡೆ ಬಲಿತು ಎಲೆ ತಾವಾಗಿಯೇ ಕತ್ತು ಬಾಗಿಸಿದ ಮೇಲೆ ಒಂದು ತೊಟ್ಟು ನೀರು ಹಾಕುತ್ತಿರಲಿಲ್ಲ. ಕಿತ್ತು, ನೆರಳಲ್ಲಿ ಒಣಗಿಸಿ, ಎಲೆಗಳನ್ನು ಜಡೆಯಂತೆ ಹೆಣೆದು, ಬಟ್ಟೆಯ ಅಂಚುಪಟ್ಟಿಯಿಂದ ಬಿಗಿದು ಹಿಂದಿನ ಕೋಣೆಯ ಬಿದಿರು ಗಳುಗಳಿಗೆ ತೂಗುಹಾಕುತ್ತಿದ್ದರು. ತಂತಿಜಾಲರಿಯ ಕಿಟಕಿಯಿದ್ದ ಆ ಕೋಣೆಗೆ ಗಾಳಿ ಚೆನ್ನಾಗಿ ಆಡುತ್ತಿತ್ತು.

ಆ ಜಡೆಗಳಲ್ಲಿ ಒಂದಕ್ಕೆ ಮಾತ್ರ ನೀಲಿ ಪಟ್ಟಿ. ಅದನ್ನು ಯಾರೂ ಮುಟ್ಟುವಂತಿಲ್ಲ. ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ. ಒಂದು ವರ್ಷ ದಾಟಿದರೆ ಮೊಳೆಯುವುದು ಅನುಮಾನ. ಹಾಗಾಗಿ ಪ್ರತಿ ವರ್ಷವೂ ಒಳ್ಳೆಯ ಗಡ್ಡೆಗಳನ್ನು ತಿನ್ನದೆ ಎತ್ತಿಟ್ಟು, ಮತ್ತೆ ಮಣ್ಣಿಗೆ ಹಾಕಿ, ಹೂ ಬಿಡಿಸಿ, ಹೊಸ ಬೀಜ ತೆಗೆಯಬೇಕು. ಅವೇ ತಾಯಿಗಡ್ಡೆ. ಅತ್ತೆ ಮದುವೆಯಾಗಿ ಹೊರಟಾಗ ಅವರ ಅಮ್ಮ ಒಂದು ಹಿಡಿ ಬೀಜವನ್ನು ಕರವಸ್ತ್ರಕ್ಕೆ ಗಂಟು ಹಾಕಿ ಕೊಟ್ಟಿದ್ದರಂತೆ. ಅಲ್ಲಿಂದ ಒಂದು ವರ್ಷವೂ ತಪ್ಪಿರಲಿಲ್ಲ. ತಪ್ಪಿದರೆ ಮುಗಿಯಿತು. ಅಂಗಡಿಯಲ್ಲಿ ಆ ತಳಿ ಸಿಗುವುದಿಲ್ಲ. ಕೇಳೋಣವೆಂದರೆ ಅಮ್ಮನೂ ಇಲ್ಲ.

ತೂಗುಹಾಕಿದ ಈರುಳ್ಳಿಯನ್ನು ಕಾಯುತ್ತಿದ್ದದ್ದು ಅತ್ತೆಯ ಮೂಗು. ಬೆಳಿಗ್ಗೆ ಎದ್ದವರೇ ಆ ಕೋಣೆಯ ಬಾಗಿಲು ತೆರೆದು ಒಂದು ಸಲ ಉಸಿರೆಳೆಯುವರು. ಎಲ್ಲೋ ಒಂದು ಗಡ್ಡೆ ಒಳಗೊಳಗೇ ಮೆತ್ತಗಾಗುತ್ತಿದ್ದರೆ ನೇರವಾಗಿ ಅದರ ಹತ್ತಿರ ಹೋಗಿ, ಜಡೆಯಿಂದ ಕಿತ್ತು ಹೊರಗೆಸೆಯುವರು. ಆ ಮೂಗಿನ ಮೇಲೆ ಮನೆಯವರಿಗೆ ಎಷ್ಟು ನಂಬಿಕೆಯೆಂದರೆ, ಹಾಲು ಒಡೆದಿದೆಯೋ ಇಲ್ಲವೋ, ಮಾವ ಕದ್ದು ಬೀಡಿ ಸೇದಿದರೋ ಇಲ್ಲವೋ ಎಂಬುದಕ್ಕೆಲ್ಲ ಅದರದೇ ಕೊನೆಯ ಮಾತು. ಉಳಿದವರ ಮೂಗುಗಳು ಕನ್ನಡಕ ಕೂರಿಸುವುದಕ್ಕೆ ಮಾತ್ರ ಇದ್ದವು.

ಆ ವರ್ಷ ಕೊಯ್ಲು ಮುಗಿದು ಜಡೆಗಳೆಲ್ಲ ಗಳುವೇರಿದ ಮೇಲೆ ಅತ್ತೆಗೆ ಜ್ವರ ಬಂತು. ಕೆಲವು ದಿನ ಮಲಗಿ ಎದ್ದರು. ಮತ್ತೆ ಮೆಷಿನ್ ತಿರುಗಿತು. ಬೆಳಗಿನ ಬಾಗಿಲು ತೆರೆಯುವ ಕೆಲಸವೂ ಮೊದಲಿನಂತೆ ನಡೆಯಿತು.

ಸ್ವಲ್ಪ ಕಾಲ ಕಳೆದು ಮನೆಯಲ್ಲಿ ಒಂದು ವಾಸನೆ ಹುಟ್ಟಿತು.

ಮೊದಲು ಮೂಗು ಮುಚ್ಚಿಕೊಂಡವಳು ಹೆಂಡತಿ. "ಏನ್ರೀ ಇದು, ನಿಮ್ಮ ಕಾಲುಚೀಲನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ವಂಶದಲ್ಲಿ ಅವನು ಕೊನೆಯವನಲ್ಲ. ದಿನವೂ ಹತ್ತಾರು ಪಾದಗಳ ಜೊತೆ ಬದುಕುವವನು, ಇರಬಹುದು ಎಂದುಕೊಂಡ. ಕಾಲುಚೀಲಗಳನ್ನು ಬಿಸಿನೀರಲ್ಲಿ ಕುದಿಸಿದ. ವಾಸನೆ ಹೋಗಲಿಲ್ಲ. ಬೂಟನ್ನು ಬಾಗಿಲ ಹೊರಗಿಟ್ಟ. ಅದನ್ನು ನಾಯಿ ಕೂಡ ಮುಟ್ಟಲಿಲ್ಲವಾದ್ದರಿಂದ ಅನುಮಾನ ಗಟ್ಟಿಯಾಯಿತು. ಪಾದಕ್ಕೆ ಪೌಡರ್ ಹಾಕಿಕೊಂಡು ಮಲಗಿದ. ಬೆಳಿಗ್ಗೆ ಮನೆಯಲ್ಲಿ ಎರಡು ವಾಸನೆಗಳಿದ್ದವು.

ಮಾವ ತಮ್ಮ ಪಾಡಿಗೆ ಮೋರಿಯಲ್ಲಿ ಹೆಗ್ಗಣ ಸತ್ತಿದೆಯೆಂದು ತೀರ್ಮಾನಿಸಿ ಕೋಲು ಹಾಕಿ ಕೆದಕುತ್ತಿದ್ದರು. ಈರುಳ್ಳಿ ಇರಬಹುದೇ ಎಂಬ ಪ್ರಶ್ನೆ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈರುಳ್ಳಿಯಾಗಿದ್ದರೆ ಅತ್ತೆ ಹೇಳುತ್ತಿದ್ದರಲ್ಲ.

ವಾರದ ರಜೆಯ ದಿನ ಮಧ್ಯಾಹ್ನ ಅವನು ಪೌಡರ್ ಡಬ್ಬಿ ಹುಡುಕುತ್ತ ಹಿಂದಿನ ಕೋಣೆಗೆ ಕಾಲಿಟ್ಟ. ವಾಸನೆ ಎದೆಗೆ ಗುದ್ದಿದಂತಾಯಿತು. ಅಲ್ಲಿ ಜಡೆಗಳ ಕೆಳಗೆ, ಗಾಳಿಗೆಂದು ಕುರ್ಚಿ ಹಾಕಿಕೊಂಡು, ಅತ್ತೆ ಶಾಂತವಾಗಿ ಗುಂಡಿ ಹೊಲಿಯುತ್ತಿದ್ದರು. ಮೇಲಿನಿಂದ ಕಂದು ರಸದ ಒಂದು ಹನಿ ಅವರ ಹೆಗಲ ಮೇಲೆ ಬಿತ್ತು. ಅಲ್ಲಿ ಆಗಲೇ ಅಂಥ ಕಲೆಗಳಿದ್ದವು.

"ಯಾಕೋ, ಮುಖ ಹಾಗೆ ಮಾಡ್ತಿದ್ದೀಯ?"

"ಅತ್ತೆ, ಇಲ್ಲಿ ನಿಮಗೇನೂ ವಾಸನೆ ಬರ್ತಿಲ್ವಾ?"

ಅತ್ತೆ ಅವನ ಮುಖವನ್ನು ಒಂದು ಕ್ಷಣ ಓದಿದರು. ಆಮೇಲೆ ಮೂಗೆಳೆದರು. "ಬರ್ತಿದೆಯಪ್ಪ. ನಿನ್ನ ಕಾಲುಚೀಲ. ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ."

ಅವನು ಬರಿಗಾಲಲ್ಲಿದ್ದ. ಅವರ ಹೆಗಲಿನ ಹನಿಯನ್ನು ಬೆರಳಲ್ಲಿ ತೆಗೆದು ಹತ್ತಿರ ಹಿಡಿದ. ಅತ್ತೆ ಅದನ್ನು ನೋಡಿದರು, ಮೂಗಿಗೆ ತಂದುಕೊಂಡರು, ಮತ್ತೆ ತಂದುಕೊಂಡರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಜ್ವರ ಬಂದಿತ್ತಲ್ಲ," ಅಂದರು. "ಅವತ್ತಿಂದ. ಸೋಪೂ ಒಂದೇ, ಸೀಮೆಎಣ್ಣೇನೂ ಒಂದೇ."

"ಡಾಕ್ಟರ ಹತ್ರ ಹೋಗೋಣ ಅತ್ತೆ."

"ಹೋಗಿ ಬಂದೆ. ಬರಬಹುದು, ಬರದೇನೂ ಇರಬಹುದು ಅಂದ್ರು. ಅಷ್ಟು ನಂಗೂ ಗೊತ್ತಿತ್ತು."

"ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗುತ್ತೆ ಗೊತ್ತಾ? ನಿನ್ನ ಹೆಂಡ್ತಿ ಮೊದಲು ಒಲೆ ಹತ್ರ ಬಿಡಲ್ಲ. ಗ್ಯಾಸ್ ಸೋರಿದ್ರೆ ಗೊತ್ತಾಗಲ್ಲ ಅಂತಾಳೆ. ಅದೂ ನಿಜಾನೇ. ಆಮೇಲೆ ಹಿತ್ತಲು ಯಾಕಮ್ಮ ಅಂತಾಳೆ. ಆಮೇಲೆ ಒಂದು ಒಳ್ಳೆ ಕುರ್ಚಿ ತಂದು ಕೂರಿಸ್ತಾರೆ. ಕೂತೋರನ್ನ ಯಾರಾದ್ರೂ ಎಬ್ಬಿಸಿದ್ದು ನೋಡಿದ್ದೀಯಾ ನೀನು?"

ಆಗ ಅವನಿಗೆ ಒಂದೊಂದೇ ಅರ್ಥವಾಯಿತು. ಈಚೆಗೆ ಅತ್ತೆ ಹಾಲಿನ ಪಾತ್ರೆಯನ್ನು ಅವನ ಮೂಗಿಗೆ ಹಿಡಿದು "ನೋಡು ಹೇಗಿದೆ" ಎನ್ನುತ್ತಿದ್ದದ್ದು ಅಕ್ಕರೆಯಿಂದಲ್ಲ. ಅವನ ಮುಖ ನೋಡಿ ತೀರ್ಪು ಕೊಡುತ್ತಿದ್ದರು. ಪ್ರತಿ ಬೆಳಿಗ್ಗೆ ಬಾಗಿಲು ತೆರೆದು ಖಾಲಿ ಗಾಳಿಯನ್ನು ಎಳೆದುಕೊಳ್ಳುತ್ತಿದ್ದರು. ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ.

ಅತ್ತೆ ಆಗಲೇ ಎದ್ದು ಕುರ್ಚಿ ಹತ್ತಿದ್ದರು. ನೀಲಿ ಪಟ್ಟಿಯ ಜಡೆ ಕೊಳೆತ ಜಡೆಗೆ ಒತ್ತಿಕೊಂಡು ತೂಗುತ್ತಿತ್ತು. ಇಳಿಸಿದಾಗ ಅದರ ಕೆಳಗಿನ ಅರ್ಧ ಅವರ ಕೈಯಲ್ಲೇ ಕುಸಿಯಿತು. ಅದನ್ನು ಪತ್ರಿಕೆಯ ಮೇಲಿಟ್ಟು, ಕೈ ಒರೆಸಿಕೊಳ್ಳುವುದನ್ನೂ ಮರೆತು ನೆಲದ ಮೇಲೆ ಕೂತರು.

"ಅಮ್ಮ ಕೊಟ್ಟಿದ್ದು," ಅಂದರು. "ಸಾಕು ಬಿಡು. ಮುಗೀತು ಅಂತ ಕಾಣುತ್ತೆ."

ಅವನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. "ಇನ್ನೊಂದು ಸೈಜ್ ತೋರಿಸಲಾ?" ಎಂಬುದು ಅವನ ಬಾಯಿಗೆ ಸುಲಭವಾಗಿ ಬರುವ ವಾಕ್ಯ. ಅದನ್ನು ನುಂಗಿಕೊಂಡು, "ಎಲ್ಲ ಇಳಿಸೋಣ ಅತ್ತೆ. ನಾನು ಮೂಸ್ತೀನಿ" ಅಂದ.

ಗಳುಗಳೆಲ್ಲ ಖಾಲಿಯಾಗಿ ನೆಲ ತುಂಬಿತು. ಅವನು ಒಂದೊಂದನ್ನೇ ಮೂಗಿಗೆ ಹಿಡಿದು, ಒಳ್ಳೆಯದು ಎಡಕ್ಕೆ, ಕೆಟ್ಟದ್ದು ಬಲಕ್ಕೆ ಎಂದು ಗಂಭೀರವಾಗಿ ಶುರುಮಾಡಿದ. ಒಂದು ಜಡೆ ಮುಗಿಯುವಷ್ಟರಲ್ಲಿ ಎಲ್ಲವೂ ಕೊಳೆತ ಹಾಗೆ ಅನಿಸಿತು. ಇನ್ನೊಂದು ಮುಗಿಯುವಷ್ಟರಲ್ಲಿ ಯಾವುದೂ ಕೊಳೆತಿಲ್ಲ ಅನಿಸಿತು. ಮೂಗೂ ಕಣ್ಣೂ ಒಟ್ಟಿಗೆ ಸುರಿಯತೊಡಗಿದವು. ಚೆನ್ನಾಗಿರುವ ಒಂದು ಗಡ್ಡೆ ಬಲಕ್ಕೆ ಬಿದ್ದದ್ದನ್ನು ಕಂಡು ಅತ್ತೆಗೆ ತಡೆಯಲಾಗಲಿಲ್ಲ.

"ಕೊಡಿಲ್ಲಿ," ಎಂದು ಕಸಿದುಕೊಂಡರು. "ಮೂಗಿದ್ದೂ ಹೀಗೆ ಅಂದ್ರೆ, ನಾನೇನು ಅಂಥದ್ದು ಕಳ್ಕೊಂಡಿಲ್ಲ."

ಗಡ್ಡೆಯ ಕುತ್ತಿಗೆಯನ್ನು, ಎಲೆ ಒಣಗಿ ಮುಚ್ಚಿಕೊಂಡ ಆ ಜಾಗವನ್ನು, ಹೆಬ್ಬೆರಳಿನಿಂದ ಒತ್ತಿದರು. ತಿರುಗಿಸಿ ಬುಡ ಒತ್ತಿದರು. ಕಣ್ಣು ಮುಚ್ಚಿ, ಬಟ್ಟೆಯನ್ನು ಉಜ್ಜುವಂತೆ ಸಿಪ್ಪೆಯನ್ನು ಉಜ್ಜಿದರು. "ಇದು ಗಟ್ಟಿ." ಮುಂದಿನದು. "ಇದು ಒಳಗೆ ಸೋತಿದೆ." ಅವನು ಕತ್ತರಿಸಿ ನೋಡಿದ, ನಡುವಿನ ಪದರ ಗಾಜಿನಂತೆ ನೀರಾಗಿತ್ತು. ಮೂಸಿದಾಗ ಅವನಿಗೆ ಏನೂ ಗೊತ್ತಾಗಿರಲಿಲ್ಲ.

ಹೆಬ್ಬೆರಳು ಮೊದಮೊದಲು ತಪ್ಪಿತು ಕೂಡ. ಅತ್ತೆ ಗಟ್ಟಿ ಎಂದು ಎತ್ತಿಟ್ಟ ಒಂದರಲ್ಲಿ, ಕಿಟಕಿಯ ಬಳಿ ಹೋಗಿ ಮೂಗು ಸುಧಾರಿಸಿಕೊಂಡು ಬಂದ ಅಳಿಯನಿಗೆ ಹುಳಿ ವಾಸನೆ ಸಿಕ್ಕಿತು. ಅವನು ಹೆದರುತ್ತಲೇ ಹೇಳಿದ. ಅತ್ತೆ ಆ ಗಡ್ಡೆಯನ್ನು ವಾಪಸು ತೆಗೆದುಕೊಂಡು ಬಹಳ ಹೊತ್ತು ಒತ್ತಿ ನೋಡಿದರು. "ಹೂಂ. ಬುಡದ ಒಂದು ಪಕ್ಕ. ಇದು ಹೀಗಿರುತ್ತಾ," ಎಂದು ಬೆರಳಿಗೆ ಪಾಠ ಹೇಳಿಕೊಟ್ಟರು. ಆಮೇಲೆ ಅದೇ ಪದ್ಧತಿಯಾಯಿತು. ಮೊದಲು ಹೆಬ್ಬೆರಳು, ಹಿಂದಿನಿಂದ ಮೂಗು. ಸಂಜೆಯಾಗುವಷ್ಟರಲ್ಲಿ ಮೂಗಿಗೆ ಕೆಲಸ ಉಳಿಯಲಿಲ್ಲ. ಅಂಗಡಿಯಲ್ಲಿ ಅವನಿಗೆ ಇಷ್ಟು ಬೇಗ ಯಾರೂ ಕೆಲಸ ಕಲಿತು ತೋರಿಸಿರಲಿಲ್ಲ. ಅವನಂತೂ ತೋರಿಸಿರಲೇ ಇಲ್ಲ.

ನೀಲಿ ಪಟ್ಟಿಯ ಜಡೆಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. "ಇಷ್ಟರಿಂದ ಬೀಜ ತೆಗೆದ್ರೆ ತಳಿ ಸೊರಗಿಹೋಗುತ್ತೆ," ಅಂದರು ಅತ್ತೆ. "ತುಂಬ ಗಡ್ಡೆ ಸೇರಬೇಕು, ಒಂದರ ಪರಾಗ ಇನ್ನೊಂದಕ್ಕೆ ಆಡಬೇಕು."

ಅವರು ಬಿಡಿಸದೆ ಬದಿಗಿಟ್ಟಿದ್ದ ಕೊಳೆತ ಜಡೆಯ ಕಡೆ ನೋಡುತ್ತ ಕೂತಿದ್ದರು. ಇದ್ದಕ್ಕಿದ್ದಂತೆ ಅದನ್ನು ಹತ್ತಿರ ಎಳೆದುಕೊಂಡರು. ರಸ ಹರಿದು ಅಂಟಾಗಿದ್ದ ಆ ಗೊಂಚಲಿನೊಳಗೆ ಕೈ ಹಾಕಿ, ಎರಡು ಕಡೆಯೂ ಕೊಳೆತ ನೆರೆಯವರಿದ್ದ ಒಂದು ಗಡ್ಡೆಯನ್ನು ಬಿಡಿಸಿ, ಹೊರಸಿಪ್ಪೆ ಸುಲಿದು, ಒತ್ತಿದರು. ಗಟ್ಟಿ. ಇನ್ನೊಂದನ್ನು ಬಿಡಿಸಿದರು.

"ನೋಡು. ನಾನು ಇಷ್ಟು ವರ್ಷ ದಪ್ಪ ನೋಡ್ದೆ, ಬಣ್ಣ ನೋಡ್ದೆ. ಒಂದು ಕೆಟ್ರೆ ಸಾಕು, ಕಿತ್ತುಬಿಡ್ತಿದ್ದೆ. ಪಕ್ಕದಲ್ಲಿರೋದು ತಡ್ಕೊಳ್ಳುತ್ತೋ ಇಲ್ವೋ ಅಂತ ನೋಡೋಕೆ ಬಿಟ್ಟಿದ್ದೇ ಇಲ್ಲ." ಗಡ್ಡೆಯನ್ನು ಅಂಗೈಯಲ್ಲಿ ತೂಗಿದರು. "ಇದಕ್ಕಿಂತ ತಾಯಿ ಬೇಕಾ?"

ನೀಲಿ ಪಟ್ಟಿಯ ಜಡೆಯಲ್ಲಿ ಉಳಿದವಕ್ಕೆ, ಕೊಳೆತವುಗಳ ಮಧ್ಯೆ ಗಟ್ಟಿಯಾಗಿ ನಿಂತವನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದರು. ಒಂದು ಬುಟ್ಟಿಯಾಯಿತು. ಆ ಹೊತ್ತಿನ ಅತ್ತೆಯ ಮುಖವನ್ನು ಅಳಿಯ ಮುಂದೆ ಎಷ್ಟೋ ಸಲ ಹೆಂಡತಿಗೆ ವರ್ಣಿಸಲು ಹೋಗಿ, ಸೋತು, "ನೀನು ನೋಡ್ಬೇಕಿತ್ತು" ಎಂದು ಮುಗಿಸಿದ್ದುಂಟು.

ಗುಟ್ಟು ಮಾಡುವುದೋ ಬೇಡವೋ ಎಂದು ಅವನು ಅಳುಕುತ್ತಿದ್ದ. ಊಟಕ್ಕೆ ಕೂತಾಗ ಅತ್ತೆಯೇ ಹೇಳಿದರು. "ನನ್ನ ಮೂಗು ಹೋಗಿದೆ. ಒಲೆ ಹತ್ತಿಸುವಾಗ ಯಾರಾದ್ರೂ ಒಬ್ರು ಪಕ್ಕದಲ್ಲಿರಿ. ಹಿತ್ತಲ ವಿಷಯಕ್ಕೆ ಯಾರೂ ಬರೋದು ಬೇಡ."

ಮಗಳ ತುತ್ತು ಕೈಯಲ್ಲೇ ಉಳಿಯಿತು. ಮಾವ ನಿಧಾನವಾಗಿ, "ಹಾಗಾದ್ರೆ ಮೋರೀಲಿ ಹೆಗ್ಗಣ ಇಲ್ಲ" ಅಂದರು. ಆಮೇಲೆ ಇನ್ನೇನೋ ಹೊಳೆದು ಅವರ ಮುಖ ಅರಳಿತು.

"ಬೀಡಿ ನೆನಪಾಯ್ತಾ?" ಅಂದರು ಅತ್ತೆ. "ಅದಕ್ಕೆ ಮೂಗು ಬೇಡ. ನಿಮ್ಮ ಅಂಗಿ ತೂತು ನೋಡಿದ್ರೆ ಸಾಕು."

ಚಳಿ ಶುರುವಾದಾಗ ಬುಟ್ಟಿಯ ಗಡ್ಡೆಗಳು ಮಣ್ಣಿಗಿಳಿದವು. ಬಿಸಿಲು ಏರುತ್ತ ಬಂದಂತೆ ಒಂದೊಂದರ ನಡುವಿನಿಂದ ಟೊಳ್ಳು ದಂಟೆದ್ದು, ತುದಿಯಲ್ಲಿ ಬಿಳಿಯ ಚೆಂಡಿನಂಥ ಹೂಗೊಂಚಲು ಬಿರಿಯಿತು. ಜೇನ್ನೊಣಗಳು ಬಂದವು. ಅತ್ತೆ ಕೈಕಟ್ಟಿ ನಿಂತು ಅವನನ್ನು ಕರೆದರು.

"ಮೂಸಿ ಹೇಳು. ಹೇಗಿದೆ?"

"ಸಿಹಿಯಾಗಿದೆ ಅತ್ತೆ. ಜೇನಿನ ಹಾಗೆ. ಹಿಂದೆ ಸ್ವಲ್ಪ ಈರುಳ್ಳಿ."

"ಹೂಂ," ಅಂದರು, ಎಲ್ಲೋ ನೋಡುತ್ತ. "ಹಾಗೇ ಇತ್ತು."

ಗೊಂಚಲು ಒಣಗಿ ಬಿರುಕು ಬಿಟ್ಟ ದಿನ ಬಿಳಿಯ ಬಟ್ಟೆ ಹಾಸಿ, ಒಂದೊಂದನ್ನೂ ಅಂಗೈಗಳ ನಡುವೆ ತಿಕ್ಕಿದರು. ಹೊಟ್ಟು ಗಾಳಿಗೆ ಹಾರಿತು. ಬಟ್ಟೆಯ ಮೇಲೆ ಉಳಿದದ್ದು ಕರಿಬೀಜ, ಮೂಲೆಮೂಲೆಯ ಆಕಾರದ್ದು, ಒಂದು ಹಿಡಿಗಿಂತ ಸ್ವಲ್ಪ ಹೆಚ್ಚೇ. ಅತ್ತೆ ಒಂದು ಬೀಜವನ್ನು ಹೆಬ್ಬೆರಳಿನ ಉಗುರಿಗೂ ತೋರುಬೆರಳಿಗೂ ನಡುವೆ ಹಿಡಿದು ಒತ್ತಿ, "ತುಂಬಿದೆ" ಅಂದರು. ಅಳಿಯನೂ ಒಂದನ್ನು ಹಾಗೇ ಒತ್ತಿ ನೋಡಿದ. ಅದು ಚಿಮ್ಮಿ ನೀರಿನ ತೊಟ್ಟಿಗೆ ಬಿತ್ತು.

"ಪರವಾಗಿಲ್ಲ," ಅಂದರು ಅತ್ತೆ, "ಇನ್ನೂ ಇದೆ."